ನಮ್ಮ ಪಡಸಾಲೆಗೆ ಬಂದ ಸಭೆ

ನಮ್ಮ ಮನೆಯ ಪಡಸಾಲೆ ದೊಡ್ಡದು. ಮಾವನವರ ಕಾಲದಲ್ಲಿ ಕಟ್ಟಿಸಿದ್ದು. ಎಂಟು ಕಂಬ, ಹಾಸುಗಲ್ಲಿನ ನೆಲ, ನೂರು ಜನ ಒತ್ತೊತ್ತಾಗಿ ಕುಳಿತರೂ ಇನ್ನಿಬ್ಬರಿಗೆ ಸ್ಥಳ ಉಳಿಯುವಷ್ಟು ವಿಸ್ತಾರ. ಶ್ರಾವಣ ಬಂತೆಂದರೆ ಅಲ್ಲಿ ಒಂದು ತಿಂಗಳು ಪುರಾಣ ನಡೆಯುತ್ತಿತ್ತು. ಊರಿನ ಎಷ್ಟೋ ಕನ್ಯೆ-ವರಗಳ ಮಾತುಕತೆ ಅಲ್ಲಿಯೇ ಮುಗಿದಿದೆ. ಅಣ್ಣ-ತಮ್ಮಂದಿರ ಹೊಲ-ಮನೆಗಳ ಪಾಲು ಅಲ್ಲಿಯೇ ತೀರ್ಮಾನಗೊಂಡಿದೆ. ಪಡಸಾಲೆ ಕೇಳಿ ಬಂದವರನ್ನು ಈ ಮನೆ ಎಂದೂ ಬರಿಗೈಯಲ್ಲಿ ಕಳುಹಿಸಿಲ್ಲವೆಂದು ನಮ್ಮ ಅತ್ತೆಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆಯನ್ನು ಒಂದು ಸಂಜೆ ಮುರಿದವಳು ನಾನು. ಇಪ್ಪತ್ತು ಜನ ಹೆಣ್ಣುಮಕ್ಕಳು ಬಂದು ಒಂದು ತಾಸಿನ ಮಟ್ಟಿಗೆ ಪಡಸಾಲೆ ಕೇಳಿದಾಗ, ಇಲ್ಲವೆಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡೆ. ಆ ತಪ್ಪಿನ ಕಥೆಯನ್ನು, ಅದನ್ನು ತಿದ್ದಿಕೊಂಡ ಕಥೆಯನ್ನು, ನಮ್ಮ ಸಮಾಜದ ಮನೆಮನೆಯ ತಾಯಂದಿರೂ ಅಕ್ಕತಂಗಿಯರೂ ಓದುವ ಈ ಪತ್ರಿಕೆಯಲ್ಲಿ ಬಿಚ್ಚಿಡಬೇಕೆಂದು ಬಹುದಿನಗಳಿಂದ ಮನಸ್ಸು ಹೇಳುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಂದದ್ದು, ಶಿಕ್ಷಕಿಯಾಗಿ ದುಡಿದದ್ದು ಎಲ್ಲವೂ ಹುನಗುಂದ ಸೀಮೆಯಲ್ಲಿಯೇ. ಅಂದು ಅದು ವಿಜಾಪುರ ಜಿಲ್ಲೆ. ೧೯೯೭ರಿಂದ ಬಾಗಲಕೋಟೆ ಜಿಲ್ಲೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟಾಗ ನನಗೆ ಇಪ್ಪತ್ತೊಂದರ ವಯಸ್ಸು. ಜೋಳಿಗೆ ಹಿಡಿದ ಸ್ವಾಮಿಗಳು ಜೋಳ ಬೇಡುವುದನ್ನು, ಕಾಣಿಕೆ ಬೇಡುವುದನ್ನು ನಾವು ಕಂಡಿದ್ದೆವು. ಈ ಜೋಳಿಗೆ ಬೇಡಿದ್ದು ಬೇರೆ. ನಿಮ್ಮಲ್ಲಿರುವ ದುಶ್ಚಟವನ್ನು ಇದರಲ್ಲಿ ಹಾಕಿರಿ, ಮತ್ತೆ ತೆಗೆದುಕೊಳ್ಳಬೇಡಿರಿ ಎಂಬುದಷ್ಟೇ ಅದರ ಬೇಡಿಕೆ. ಓಣಿ ಓಣಿಗೆ ಪಾದಯಾತ್ರೆ ಬರುತ್ತಿತ್ತು. ನಮ್ಮ ತಂದೆಯವರು ನಲವತ್ತು ವರ್ಷ ಹಚ್ಚಿಕೊಂಡಿದ್ದ ತಂಬಾಕಿನ ಚಂಚಿಯನ್ನು ಹಾಗೆಯೇ ಜೋಳಿಗೆಗೆ ಹಾಕಿ ಕೈಮುಗಿದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಮೂರು ದಿನ ಅವರು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ನಾಲ್ಕನೆಯ ದಿನ ಅವ್ವನ ಕೈಯಿಂದ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಕೇಳಿ ಕುಡಿದರು. ಮತ್ತೆಂದೂ ತಂಬಾಕು ಮುಟ್ಟಲಿಲ್ಲ.

ಆ ದಿನ ನಮ್ಮ ತಂದೆಯವರ ಪಕ್ಕದಲ್ಲಿ ನನ್ನ ಕಿರಿಯ ತಮ್ಮನೂ ನಿಂತಿದ್ದ. ಅವನಿಗೆ ಹನ್ನೊಂದು ವರ್ಷ. ಜೋಳಿಗೆಯಲ್ಲಿ ಏನಿದೆಯೆಂದು ಇಣುಕಿ ನೋಡುವ ತವಕ ಅವನದು. ಆ ಹುಡುಗ ಮುಂದೆ ಏನಾದನೆಂಬುದನ್ನು ಆಮೇಲೆ ಹೇಳುತ್ತೇನೆ.

೧೯೯೦ರ ನಂತರದ ವರ್ಷಗಳಲ್ಲಿ ನಮ್ಮ ವಿಜಾಪುರ ಜಿಲ್ಲೆಯಲ್ಲಿಯೂ ಸಾಕ್ಷರತಾ ಆಂದೋಲನ ನಡೆಯಿತು. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪಾಠ. ಕಳೆ ತೆಗೆದು, ಕಲ್ಲು ಹೊತ್ತು ಬಂದ ಹೆಣ್ಣುಮಕ್ಕಳು ಕಂದೀಲಿನ ಬೆಳಕಿನಲ್ಲಿ ಪಾಟಿ ಹಿಡಿದು ಕುಳಿತುಕೊಳ್ಳುತ್ತಿದ್ದರು. ಪಾಠ ಮುಗಿದ ಮೇಲೆ ನಾನು ದಿನಪತ್ರಿಕೆಯ ಒಂದೆರಡು ಸುದ್ದಿಗಳನ್ನು ಓದಿ ಹೇಳುವ ಪದ್ಧತಿ ಇಟ್ಟುಕೊಂಡಿದ್ದೆ. ೧೯೯೨ರಲ್ಲಿ ಒಂದು ಸಂಜೆ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ಸುದ್ದಿ ಓದಿದೆ. ಅಲ್ಲಿಯೂ ಇಂತಹದೇ ಸಾಕ್ಷರತಾ ತರಗತಿಗಳು. ಕೂಲಿಕಾರ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದ ವಾಚನ ಪುಸ್ತಕದಲ್ಲಿ, ಊರ ಹೆಂಗಸರು ಕೂಡಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಕಥೆಯೊಂದು ಪಾಠವಾಗಿತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ವರ್ಧಿನೇನಿ ರೋಸಮ್ಮನವರ ಮುಂದಾಳುತನದಲ್ಲಿ, ಸಾರಾಯಿಯನ್ನು ಊರೊಳಗೆ ಬರಗೊಡಲಿಲ್ಲ. ಆ ಕಿಡಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ, ಸಾವಿರಾರು ಹೆಂಗಸರು ಸಾರಾಯಿ ಹರಾಜನ್ನೇ ನಡೆಯಗೊಡದಂತೆ ಮಾಡಿದರು. ೧೯೯೩ರ ಅಕ್ಟೋಬರ್ ೧ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ೧೯೯೫ರ ಜನವರಿಯಿಂದ ಪೂರ್ಣ ಪಾನನಿಷೇಧವೂ ಬಂದಿತು. ಆದರೆ ೧೯೯೭ರಲ್ಲಿ ಸರಕಾರವೇ ಅದನ್ನು ಸಡಿಲಿಸಿತು. ಗೆದ್ದದ್ದನ್ನು ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಠಿಣವೆಂಬ ಪಾಠವೂ ಆ ಕಥೆಯಲ್ಲಿದೆ.

ಆ ಸಂಜೆ ಸುದ್ದಿ ಕೇಳಿದ ಒಬ್ಬಾಕೆ, ಮಾದಿಗರ ಕೇರಿಯವಳು, ನನಗಿಂತ ಐದಾರು ವರ್ಷ ಚಿಕ್ಕವಳು, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಅಕ್ಕೋರ, ಅವರು ಮಾಡ್ಯಾರಂದ್ರ ನಾವೂ ಮಾಡಬಹುದಲ್ರಿ? ನೀವು ಮುಂದ ನಿಂದರ್ತೀರೇನು?"

ನಾನು ಸರಕಾರಿ ನೌಕರಳು, ನನಗೆ ಅದೆಲ್ಲ ಸಲ್ಲದು ಎಂದೆ. ಅದು ಸುಳ್ಳೇನೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನೌಕರಿ ನನಗೊಂದು ನೆವವಾಗಿತ್ತು. ಊರ ಸಾರಾಯಿ ಗುತ್ತಿಗೆಯಲ್ಲಿ ಪಾಲಿದ್ದವರು ನಮ್ಮ ಪಂಕ್ತಿಯಲ್ಲಿ ಕುಳಿತು ಉಣ್ಣುವವರೇ ಆಗಿದ್ದರು. ಅವಳು ಮತ್ತೆ ಕೇಳಲಿಲ್ಲ. ತನ್ನ ಹೆಸರು ಬರೆಯಲು ಕಲಿತು, ಬೀಸಣಿಕೆಯಷ್ಟು ದೊಡ್ಡ ಅಕ್ಷರಗಳಲ್ಲಿ ಸಹಿ ಮಾಡಿ, ತರಗತಿ ಬಿಟ್ಟು ಹೋದಳು.

ಈಗ ನನ್ನ ತಮ್ಮನ ಮಾತು. ಓದಿನಲ್ಲಿ ಜಾಣ, ದುಡಿಮೆಯಲ್ಲಿ ಗಟ್ಟಿ. ಇಳಕಲ್ಲಿನ ಸೀರೆ ವ್ಯಾಪಾರದಲ್ಲಿ ಕೈಹಾಕಿ ನಾಲ್ಕು ಕಾಸು ಕಂಡ. ವ್ಯಾಪಾರದ ಗೆಳೆತನ ಸಂಜೆಯ ಗೆಳೆತನವಾಯಿತು. ಸಂಜೆಯದು ಹಗಲಿಗೂ ಬಂತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಮ್ಮ ತವರುಮನೆಯಲ್ಲಿ ದೀಪ ಹಚ್ಚಿದಂತಾಗಿತ್ತು. ಆದರೆ ಪ್ಯಾಕೆಟ್ ಹೋದ ದಾರಿಯಲ್ಲಿಯೇ ಬಾಟಲಿ ಬಂತು. ಬೆಲೆ ಮಾತ್ರ ಹೆಚ್ಚು. ೨೦೦೯ರಲ್ಲಿ, ನಲವತ್ತೈದು ತುಂಬುವ ಮೊದಲೇ, ಅವನು ಲಿಂಗೈಕ್ಯನಾದ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಅರಿಸಿನವಾಗಿತ್ತು. ಬಂದವರಿಗೆಲ್ಲ ನಾವು ಕಾಮಾಲೆ ಎಂದು ಹೇಳಿದೆವು. ಹೇಳಿಕೊಟ್ಟವಳು ನಾನೇ. ಮನೆತನದ ಮಾನವನ್ನು ಕಾಯುವ ಹಿರಿಯ ಮಗಳಲ್ಲವೇ! ತಮ್ಮನ ಹೆಂಡತಿ ಮಾತ್ರ ಒಮ್ಮೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಾನು ಅನುಭವಿಸಿದ್ದಕ್ಕೆ ಹೆಸರು ಕೂಡ ಇಲ್ಲದಂತೆ ಮಾಡಿದರಲ್ಲ ಎಂಬ ನಿರಾಶೆ ಇತ್ತು. ಅದು ನನಗೆ ಅರ್ಥವಾಗಲು ಎಂಟು ವರ್ಷ ಬೇಕಾಯಿತು.

೨೦೧೪ರಲ್ಲಿ ನಾನು ನಿವೃತ್ತಳಾದೆ. ನಮ್ಮೂರಲ್ಲಿ ಪರವಾನಗಿ ಪಡೆದ ಮದ್ಯದಂಗಡಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಪೇಟೆಯಿಂದ ಚೀಲದಲ್ಲಿ ತಂದು ಕಿರಾಣಿ ಅಂಗಡಿಗಳಲ್ಲಿ, ಚಹಾದಂಗಡಿಗಳಲ್ಲಿ ಮಾರುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅಂಥ ಮೂರು ಠಾವುಗಳಲ್ಲಿ ಒಂದು ನಮ್ಮ ಯಜಮಾನರ ಚಿಕ್ಕಪ್ಪನ ಮಗನದು. ಸಂಬಂಧದಲ್ಲಿ ನನಗೆ ಮೈದುನ. ಹಬ್ಬ-ಹುಣ್ಣಿಮೆಗೆ ನಮ್ಮ ಮನೆಗೆ ಮೊದಲು ಬರುವವನು ಅವನೇ, ಜಾತ್ರೆಯ ಪಟ್ಟಿಯಲ್ಲಿ ಹೆಚ್ಚಿನ ದೇಣಿಗೆ ಬರೆಸುವವನೂ ಅವನೇ.

೨೦೧೭ರ ಆಷಾಢದಲ್ಲಿ ಆ ಹೆಣ್ಣುಮಕ್ಕಳು ಬಂದರು. ಮುಂದೆ ನಿಂತವಳು, ಇಪ್ಪತ್ತೈದು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದ ಅದೇ ಹೆಣ್ಣುಮಗಳು. ತಲೆ ನರೆತಿತ್ತು. ಮಗನೊಬ್ಬನನ್ನು ಕುಡಿತಕ್ಕೆ ಕಳೆದುಕೊಂಡಿದ್ದಳು. ರಾಯಚೂರು ಜಿಲ್ಲೆಯ ಕಡೆ ಕೂಲಿಕಾರ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಹಳ್ಳಿ ಹಳ್ಳಿಗಳಲ್ಲಿ ಸಭೆ ನಡೆಸುತ್ತಿದ್ದ ಸುದ್ದಿ ನಮ್ಮ ಕಡೆಗೂ ಮುಟ್ಟಿತ್ತು.

"ಅಕ್ಕೋರ, ಮಳಿ ಬಂದೈತ್ರಿ. ನಿಮ್ಮ ಪಡಸಾಲ್ಯಾಗ ಒಂದ್ ತಾಸು ಕುಂತು ಮಾತಾಡ್ತೀವಿ. ಹೋಗೂವಾಗ ಕಸಾ ಹೊಡದು ಹೋಗ್ತೀವ್ರಿ" ಎಂದಳು.

ಯಾವ ವಿಷಯದ ಸಭೆ ಎಂದು ಕೇಳಿದೆ. ಹೇಳಿದಳು. ನನ್ನ ಕಣ್ಣ ಮುಂದೆ ಮೈದುನನ ಮುಖ ಬಂತು. ಆ ಮುಖದ ಹಿಂದೆ ಇನ್ನೊಂದು ಅಳುಕೂ ಇತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಕೇರಿಯ ಹೆಂಗಸರು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಕುಳಿತರೆ ಓಣಿಯವರು ಏನೆಂದಾರು ಎಂಬ ಅಳುಕು ಅದು. ಪ್ರತಿ ಬಸವ ಜಯಂತಿಗೆ ಮಕ್ಕಳ ಮುಂದೆ ಅನುಭವ ಮಂಟಪದ ವಿಷಯವಾಗಿ ಭಾಷಣ ಮಾಡಿದ ಬಾಯಿ ನನ್ನದು. ಎಲ್ಲ ಕಾಯಕದವರೂ, ಹೆಣ್ಣುಮಕ್ಕಳೂ ಸಮನಾಗಿ ಕುಳಿತು ಮಾತನಾಡಿದ ಸಭೆ ಅದೆಂದು ಎಷ್ಟು ಸಲ ಹೇಳಿದ್ದೆನೋ! ಅದೇ ಬಾಯಿ ಈಗ, "ಮನೆಯಲ್ಲಿ ಹುಷಾರಿಲ್ಲ ತಂಗಿ, ಇನ್ನೊಮ್ಮೆ ನೋಡೋಣ" ಎಂದಿತು.

ಅವರು ಅಗಸಿಯ ಬಳಿ ಬೇವಿನ ಗಿಡದ ಕೆಳಗೆ, ಗೊಬ್ಬರದ ಚೀಲಗಳನ್ನು ತಲೆಗೆ ಗೊಂಚಿಯಂತೆ ಹಾಕಿಕೊಂಡು, ಜಿಟಿಜಿಟಿ ಮಳೆಯಲ್ಲಿ ಸಭೆ ನಡೆಸಿದರು. ನಮ್ಮ ಮಾಳಿಗೆಯ ಕಿಟಕಿಯಿಂದ ಅದು ಕಾಣುತ್ತದೆ, ಕೇಳುತ್ತದೆ. ಒಬ್ಬಾಕೆ ತನ್ನ ಮನೆಯ ಲೆಕ್ಕ ಹೇಳಿದಳು: ಗಂಡನ ದಿನಗೂಲಿ ಎಷ್ಟು, ಅದರಲ್ಲಿ ಅಂಗಡಿಗೆ ಹೋದದ್ದೆಷ್ಟು, ಮನೆಗೆ ಬಂದದ್ದೆಷ್ಟು, ಮಗಳ ಶಾಲೆ ಬಿಡಿಸಿದ್ದು ಯಾವ ತಿಂಗಳು. ಅದು ಗೋಳಾಗಿರಲಿಲ್ಲ, ಜಮಾಖರ್ಚಾಗಿತ್ತು. ಇನ್ನೊಬ್ಬಾಕೆ ಎದ್ದು ನಿಂತು, "ನನ್ನ ಗಂಡ ಕಾಮಾಲಿಯಿಂದ ಸತ್ತಾನಂತ ಎಲ್ಲಾರಿಗೂ ಹೇಳೇನಿ. ಸುಳ್ಳದು. ಕುಡದು ಸತ್ತ" ಎಂದಳು. ನಾನು ಕಿಟಕಿಯ ಸರಳನ್ನು ಹಿಡಿದುಕೊಂಡು ನಿಂತೆ. ಹಿಂದೆ ಯಜಮಾನರು ಬಂದು ನಿಂತದ್ದು ಗೊತ್ತಾಗಲಿಲ್ಲ. ಅವರು ಮಿತಭಾಷಿಗಳು. "ಅವ್ವ ಇದ್ದಿದ್ದರೆ ಬಾಗಿಲು ತೆಗೆಯುತ್ತಿದ್ದಳು" ಎಂದಷ್ಟೇ ಹೇಳಿ ಕೆಳಗಿಳಿದು ಹೋದರು.

ಆಂದೋಲನ ಎಂದರೆ ಮೈಕು, ಬ್ಯಾನರು, ಘೋಷಣೆ ಎಂದು ತಿಳಿದಿದ್ದವಳು ನಾನು. ಮುಂದಿನ ಕೆಲವು ತಿಂಗಳು ಅದು ನಿಜವಾಗಿ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಿದೆ. ಅವರು ಮೊದಲು ಮನೆಮನೆಗೆ ಹೋದರು. ಸಭೆಗೆ ಬಾ ಎಂದು ಕರೆಯಲಿಲ್ಲ. ಕುಳಿತು ಕಷ್ಟ-ಸುಖ ಕೇಳಿದರು. ಎರಡನೆಯ ಸಲ ಹೋದಾಗ ನಿನ್ನಂತೆಯೇ ಆ ಓಣಿಯಲ್ಲಿ ಇನ್ನಿಬ್ಬರಿದ್ದಾರೆ ಎಂದು ಹೇಳಿದರು. ಮೂರನೆಯ ಸಲ ಆ ಮೂವರನ್ನು ಒಂದೆಡೆ ಕೂಡಿಸಿದರು. ಹೀಗೆ ಮೂವರು ಹತ್ತಾಗಿ, ಹತ್ತು ನಲವತ್ತಾಗಿ ಬೆಳೆಯಿತು. ವಾರಕ್ಕೆ ಐದು ರೂಪಾಯಿ ವಂತಿಗೆ. ಅದರ ಲೆಕ್ಕ ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕೂಲಿ ತಪ್ಪದಂತೆ ರಾತ್ರಿ ಊಟದ ನಂತರವೇ ಸಭೆ. ಎದ್ದುನಿಂತು ಮಾತನಾಡಲು ಅಂಜುವವರಿಗೆ ಮೊದಲು ತಮ್ಮ ಹೆಸರು ಮತ್ತು ತವರೂರು ಹೇಳುವುದನ್ನು ರೂಢಿ ಮಾಡಿಸುತ್ತಿದ್ದರು. ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿದ ನನಗೆ, ಇದಕ್ಕಿಂತ ಉತ್ತಮ ಪಾಠಪದ್ಧತಿ ಕಂಡ ನೆನಪಿಲ್ಲ.

ಒಂದು ದಿನ ಆಕೆ ಮತ್ತೆ ಬಂದಳು. ಈ ಸಲ ಪಡಸಾಲೆ ಕೇಳಲಿಲ್ಲ. "ಅಕ್ಕೋರ, ನಮಗ ಹೆಸರು ಬರಿಯಾಕಷ್ಟ ಬರ್ತೈತಿ. ಗ್ರಾಮಸಭೆಗೆ ಅರ್ಜಿ ಬರೀಬೇಕು. ನಿಮ್ಮ ಅಕ್ಷರ ಕೊಡ್ರಿ" ಎಂದಳು.

ಅಕ್ಷರವನ್ನು ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಬರೆದುಕೊಟ್ಟೆ. ಬರೆಯುವಾಗ ಸಂವಿಧಾನದ ೪೭ನೆಯ ವಿಧಿಯನ್ನು ಹುಡುಕಿ ತೆಗೆದು ಸೇರಿಸಿದೆ. ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಅದು ನಿರ್ದೇಶಿಸುತ್ತದೆ. ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಹ ವಿಧಿಯಲ್ಲ ಅದು. ಆದರೆ ತಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಸಂವಿಧಾನದಲ್ಲಿ ಬರೆದಿಟ್ಟ ಮಾತು ಎಂದು ತಿಳಿದಾಗ ಆ ಹೆಣ್ಣುಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ನಾನು ಕಂಡೆ.

೨೦೧೮ರಲ್ಲಿ ಗ್ರಾಮಸಭೆ ಕೂಡಿದಾಗ, ಎಂದೂ ಐದಾರು ಹೆಂಗಸರಿಗಿಂತ ಹೆಚ್ಚು ಕಾಣದ ಆ ಸಭೆಗೆ ನೂರಕ್ಕೂ ಮಿಕ್ಕಿ ಹೆಣ್ಣುಮಕ್ಕಳು ಮೆರವಣಿಗೆಯಲ್ಲಿ ಬಂದರು. ಕೈಯಲ್ಲಿ ಬಾವುಟವಿಲ್ಲ, ಖಾಲಿ ರೊಟ್ಟಿಬುಟ್ಟಿಗಳನ್ನು ಹಿಡಿದಿದ್ದರು. ಅರ್ಜಿಯನ್ನು ಓದಬೇಕಾದವಳು ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಳು, ಮುಂಜಾನೆಯಿಂದ ಉಂಡಿರಲಿಲ್ಲ. ಕಾಗದ ಕೈಯಿಂದ ಕೈಗೆ ಬಂದು ನನ್ನ ಮುಂದೆ ನಿಂತಿತು. ನಾನು ಹಿಂದಿನ ಸಾಲಿನಲ್ಲಿ, ಬರಿ ನೋಡಲು ಬಂದವಳಂತೆ ಕುಳಿತಿದ್ದೆ. ಎದ್ದು ಓದಿದೆ. ಊರೊಳಗೆ ಅನಧಿಕೃತವಾಗಿ ಮದ್ಯ ಮಾರುವುದನ್ನು ನಿಲ್ಲಿಸಬೇಕು. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಊರಿಗೆ ಮದ್ಯದಂಗಡಿ ಬರಕೂಡದು. ಈ ಠರಾವನ್ನು ಮೇಲಿನವರಿಗೆ ಕಳುಹಿಸಬೇಕು. ಇಷ್ಟೇ.

ಮೈದುನ ಎದ್ದು ನಿಂತ. ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಾಗಿತ್ತು ಅವನ ದನಿಯಲ್ಲಿ. "ವೈನಿ, ನೀವೂ ಇವರ ಜೋಡಿ ಸೇರಿದ್ರೇನು? ಮನೆತನದ ಮಾನಾ ಅನ್ನೂದು ಇಲ್ಲೇನು?"

ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. "ನನ್ನ ತಮ್ಮ ಕಾಮಾಲೆಯಿಂದ ಸಾಯಲಿಲ್ಲಪ್ಪ. ಕುಡಿದು ಸತ್ತ. ಒಂಬತ್ತು ವರ್ಷ ಮಾನ ಕಾಯ್ದೆ, ಆ ಮಾನದಿಂದ ಅವನ ಮಕ್ಕಳ ಹೊಟ್ಟೆ ತುಂಬಲಿಲ್ಲ" ಎಂದೆ. ನನ್ನ ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಯಾರೋ ನನ್ನ ಸೆರಗನ್ನು ಹಿಡಿದುಕೊಂಡಿದ್ದರು. ನೋಡಿದರೆ, ಮುಖ ಕೂಡ ಸರಿಯಾಗಿ ಪರಿಚಯವಿಲ್ಲದ ಒಬ್ಬ ಕಲ್ಲಿನ ಖಣಿಯ ಕೂಲಿಯಾಕೆ.

ಠರಾವು ಪಾಸಾಯಿತು. ಅದರ ಬೆಲೆಯನ್ನೂ ಕೊಟ್ಟೆವು. ಆ ವರ್ಷ ಮೈದುನನ ಮಗಳ ಮದುವೆಗೆ ನಮಗೆ ಕರೆ ಬರಲಿಲ್ಲ. ಜಾತ್ರೆಯಲ್ಲಿ ನಮ್ಮನ್ನು ಕಂಡು ಮುಖ ತಿರುಗಿಸಿದವರು ಒಬ್ಬಿಬ್ಬರಲ್ಲ. ಯಜಮಾನರು ಇದನ್ನೆಲ್ಲ ನುಂಗಿಕೊಂಡು ಸುಮ್ಮನಿದ್ದರು. ಒಂದು ಮುಂಜಾನೆ ಅಟ್ಟದ ಮೇಲಿದ್ದ ದೊಡ್ಡ ಜಮಖಾನೆಯನ್ನು ತಾವೇ ಇಳಿಸಿ, ಜಾಡಿಸಿ, ಬಿಸಿಲಿಗೆ ಹಾಕಿದರು. ಸಂಜೆ ಅದನ್ನು ಪಡಸಾಲೆಯಲ್ಲಿ ಹಾಸಿ, "ಹೇಳಿ ಕಳುಹಿಸು" ಎಂದರು. ಅಂದು ರಾತ್ರಿ ಆ ಹೆಣ್ಣುಮಕ್ಕಳು ನಮ್ಮ ಪಡಸಾಲೆಗೆ ಬಂದರು. ಜಮಖಾನೆಯ ಅಂಚಿಗೆ, ಬರಿ ನೆಲದ ಮೇಲೆ ಕೂರಲು ಹೋದವರನ್ನು ಕೈಹಿಡಿದು ಮೇಲೆ ಕೂಡಿಸಬೇಕಾಯಿತು. ಅವರ ಆ ಸಂಕೋಚಕ್ಕೆ ಕಾರಣರು ನಾವೇ ಎಂಬುದು ಆ ಕ್ಷಣ ಮನಸ್ಸಿಗೆ ಚುಚ್ಚಿದಂತೆ ಯಾವ ಭಾಷಣದಲ್ಲಿಯೂ ಚುಚ್ಚಿರಲಿಲ್ಲ.

೨೦೧೯ರ ಜನವರಿ ೧೯ರಂದು ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ದಾರಿ ಸುಮಾರು ೨೦೦ ಕಿಲೋಮೀಟರು. ಬಂದವರು ಎರಡು ಸಾವಿರಕ್ಕೂ ಹೆಚ್ಚು. ಬಹುಪಾಲು ಬಡ ಕೂಲಿಕಾರರು, ಅದರಲ್ಲಿಯೂ ಉತ್ತರ ಕರ್ನಾಟಕದವರು ಬಹಳ. ನಮ್ಮೂರಿಂದ ಹನ್ನೊಂದು ಜನ ಹೊರಟರು; ಹನ್ನೆರಡನೆಯವಳು ನಾನು. ಅರವತ್ತೈದರ ಈ ಮೊಣಕಾಲು ಬೆಂಗಳೂರು ಮುಟ್ಟಲಾರದೆಂದು ಗೊತ್ತಿತ್ತು. ನಡೆದಷ್ಟು ನಡೆಯುತ್ತೇನೆಂದು ಹೊರಟೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಳಗೆ ಹೆದ್ದಾರಿಯ ಅಂಚಿನಲ್ಲಿ ಸೀರೆಗಳ ಒಂದು ಉದ್ದ ಸಾಲು. ಹೆಚ್ಚಿನವರ ಕಾಲಲ್ಲಿ ಹವಾಯಿ ಚಪ್ಪಲಿ. ಅದೂ ಇಲ್ಲದವರು ಹಲವರು. ಹಗಲು ಬಿಸಿಲು, ರಾತ್ರಿ ಚಳಿ. ಸಿಕ್ಕ ಸೂರಿನ ಕೆಳಗೆ ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಹಚ್ಚಿ ಮಲಗುತ್ತಿದ್ದೆವು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಉಣ್ಣುವಾಗ ಯಾರ ರೊಟ್ಟಿ ಯಾರ ಕೈಯಲ್ಲಿದೆ ಎಂಬುದು ಯಾರಿಗೂ ನೆನಪಿರಲಿಲ್ಲ. ದಾಸೋಹ ಎಂಬ ಮಾತನ್ನು ಬಾಲ್ಯದಿಂದ ಕೇಳಿದ್ದೆ. ಅದರ ರುಚಿಯನ್ನು ಆ ಹೆದ್ದಾರಿಯ ಅಂಚಿನಲ್ಲಿ ಕಂಡೆ. ರಾತ್ರಿ ನನ್ನ ಕಾಲಿನ ಬೊಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚಿದವಳು, ೧೯೯೨ರಲ್ಲಿ ನನ್ನನ್ನು ಮುಂದೆ ನಿಲ್ಲುತ್ತೀರಾ ಎಂದು ಕೇಳಿದ್ದವಳೇ. "ಭಾಳ ತಡಾ ಮಾಡಿದ್ರಿ ಅಕ್ಕೋರ" ಎಂದು ನಕ್ಕಳು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಆದರೆ ಮಾತು ಸತ್ಯವಾಗಿತ್ತು.

ಮೂರನೆಯ ದಿನ ಹಿರಿಯೂರಿನಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಬಸ್ಸು ಹತ್ತಿ ಊರಿಗೆ ಮರಳಿದೆ. ಉಳಿದವರು ಶಿರಾ, ತುಮಕೂರು ದಾಟಿ ನಡೆದರು. ದಾರಿಯಲ್ಲಿ ವಾಹನವೊಂದು ಡಿಕ್ಕಿ ಹೊಡೆದು, ಯಾತ್ರೆಗೆ ಬಂದಿದ್ದ ರಾಯಚೂರು ಸೀಮೆಯ ಒಬ್ಬ ತಾಯಿ ಪ್ರಾಣ ಬಿಟ್ಟ ಸುದ್ದಿ ದೂರವಾಣಿಯಲ್ಲಿ ಬಂದಾಗ, ನಾನು ಒಲೆಯ ಮುಂದೆ ಕುಳಿತು ಅತ್ತೆ. ಕಣ್ಣೀರು ಒರೆಸಿಕೊಂಡು ಉಳಿದವರು ಮತ್ತೆ ನಡೆದರು. ಗಾಂಧೀಜಿಯವರು ಹುತಾತ್ಮರಾದ ದಿನವಾದ ಜನವರಿ ೩೦ರಂದು ಬೆಂಗಳೂರನ್ನು ಮುಟ್ಟಿದರು.

ಫಲವೇನಾಯಿತು ಎಂದು ಓದುಗರು ಕೇಳಬಹುದು. ಪಾನನಿಷೇಧ ಬರಲಿಲ್ಲ. ೨೦೨೫-೨೬ರ ರಾಜ್ಯದ ಆಯವ್ಯಯದಲ್ಲಿ ಅಬಕಾರಿ ವರಮಾನದ ಗುರಿ ೪೦,೦೦೦ ಕೋಟಿ ರೂಪಾಯಿ. ಯಾವ ಪಕ್ಷದ ಸರಕಾರವಾದರೂ ಇಷ್ಟು ದೊಡ್ಡ ಗಂಟನ್ನು ಸುಲಭವಾಗಿ ಬಿಡಲಾರದು. ಕಾನೂನೊಂದೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದೂ ನಾನು ಹೇಳಲಾರೆ. ನಮ್ಮಲ್ಲಿ ಸಾರಾಯಿ ನಿಂತ ಮರುವರ್ಷವೇ, ೨೦೦೮ರ ಮೇ ತಿಂಗಳಲ್ಲಿ, ಕರ್ನಾಟಕ-ತಮಿಳುನಾಡುಗಳ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ೧೫೦ಕ್ಕೂ ಹೆಚ್ಚು ಜನ ಸತ್ತರು. ೨೦೧೬ರ ಏಪ್ರಿಲ್‌ನಿಂದ ಪಾನನಿಷೇಧವಿರುವ ಬಿಹಾರದಲ್ಲಿಯೂ ವಿಷಮದ್ಯದ ಸಾವುಗಳು ನಿಂತಿಲ್ಲ. ಇದನ್ನು ಆ ಹೆಣ್ಣುಮಕ್ಕಳೂ ಬಲ್ಲರು. ಅದಕ್ಕಾಗಿಯೇ ಅವರ ಬೇಡಿಕೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಊರಿಗೆ ಮದ್ಯ ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಊರಿನ ಸಭೆಗೇ ಇರಬೇಕೆಂಬುದು. ನೆರೆಯ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳ ಮತದಾನದಿಂದ ಮದ್ಯದಂಗಡಿ ಮುಚ್ಚಿಸುವ ಅವಕಾಶವಿದೆ. ಮತಪತ್ರದ ಮೇಲೆ ಎರಡು ಚಿತ್ರ: ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಅಂಗಡಿ ಬೇಡವೆನ್ನುವವರು ಅಡ್ಡ ಬಾಟಲಿಗೆ ಮುದ್ರೆ ಒತ್ತುತ್ತಾರೆ. ಓದು ಬಾರದ ತಾಯಿಗೂ ತಿಳಿಯುವ ಪ್ರಜಾಪ್ರಭುತ್ವ ಅದು.

ನಮ್ಮೂರಲ್ಲಿ ಠರಾವಾದ ಮೇಲೆ ಏಳೆಂಟು ತಿಂಗಳು ಮಾರಾಟ ನಿಂತಿತ್ತು. ಆಮೇಲೆ ಕದ್ದು ಮುಚ್ಚಿ ಮತ್ತೆ ಮೊದಲಾಯಿತು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯಿಂದಾಗಿ ರಾಜ್ಯದ ಮದ್ಯದಂಗಡಿಗಳೆಲ್ಲ ಮುಚ್ಚಿದವು. ಕೂಲಿ ಇಲ್ಲದೆ ಹೊಟ್ಟೆಗೆ ಕಷ್ಟವಾಗಿದ್ದ ಆ ದಿನಗಳಲ್ಲಿಯೂ, "ರಾತ್ರಿ ನಿದ್ದಿ ಹತ್ತೇತ್ರಿ ಅಕ್ಕೋರ" ಎಂದು ಎಷ್ಟೋ ಜನ ನನಗೆ ಹೇಳಿದರು. ಮೇ ೪ರಂದು ಅಂಗಡಿಗಳು ತೆರೆದಾಗ ಅವುಗಳ ಮುಂದೆ ನಿಂತ ಸಾಲುಗಳನ್ನು ದೂರದರ್ಶನದಲ್ಲಿ ನೋಡಿ ಎಲ್ಲರೂ ಮೌನವಾದೆವು. ಹೆಣ್ಣುಮಕ್ಕಳು ಮತ್ತೆ ಮನೆಮನೆಗೆ ಹೊರಟರು. ಮೊದಲಿನಂತೆಯೇ ಒಬ್ಬರು, ಮೂವರು, ಹತ್ತು ಜನ.

ಇನ್ನೊಂದು ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಮಹಾಂತ ಶಿವಯೋಗಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಎರಡು ವರ್ಷಗಳ ಹಿಂದೆ ಆ ದಿನ ನಮ್ಮ ಪಡಸಾಲೆಯಲ್ಲಿ ಸಭೆ ಕೂಡಿತ್ತು. ಸಭೆ ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಆರು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಒಳಗೆ ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಜಮಖಾನೆಯ ಅಂಚಿಗೆ ಕುಳಿತಳು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ನನ್ನ ಕಡೆಗೆ ತಿರುಗಿ, "ಅಕ್ಕಾ, ನನ್ನ ಮಗಾ ಅಂಗಡ್ಯಾಗಿನ ಬಾಟಲಿ ತಾನ ಒಡ್ಯಾಕ ಹತ್ಯಾನ" ಎಂದಳು.

ಯಾರೂ 'ನಾವು ಹೇಳಿರಲಿಲ್ಲವೇ' ಎನ್ನಲಿಲ್ಲ. ಮಗನನ್ನು ಕಳೆದುಕೊಂಡಿದ್ದ ಆ ಹಿರಿಯ ಹೆಣ್ಣುಮಗಳು ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತಳು. "ಮೊದಲ ನಿನ್ನ ಹೆಸರು, ನಿನ್ನ ತವರೂರು ಹೇಳವ್ವಾ. ಆಮ್ಯಾಲ ಉಳಿದದ್ದು ಹೇಳೂವಂತಿ" ಎಂದಳು. ನೆಗೆಣ್ಣಿ ತನ್ನ ಹೆಸರು ಹೇಳಿದಳು. ತವರೂರು ಹೇಳುವಾಗ ಗಂಟಲು ಕಟ್ಟಿತು.

ಅವರ ಅಂಗಡಿಯಲ್ಲಿ ಬಾಟಲಿ ಮಾರುವುದು ಅದೇ ತಿಂಗಳು ನಿಂತಿತು. ಇನ್ನುಳಿದ ಎರಡು ಠಾವುಗಳಲ್ಲಿ ನಿಂತಿಲ್ಲ. ಆ ಹುಡುಗನ ಚಿಕಿತ್ಸೆ ನಡೆದಿದೆ. ಒಮ್ಮೆ ಬಿಡುತ್ತಾನೆ, ಒಮ್ಮೆ ಹಿಡಿಯುತ್ತಾನೆ. ನನ್ನ ತಮ್ಮನಿಗೆ ದೊರೆಯದ ಒಂದು ಭಾಗ್ಯ ಅವನಿಗಿದೆ: ಅವನ ರೋಗಕ್ಕೆ ಮನೆಯವರು ಬೇರೆ ಹೆಸರು ಇಟ್ಟಿಲ್ಲ.

ಓದುಗ ಬಂಧುಗಳೇ, ಸಮಾಜಕ್ಕಾಗಿ ನಡೆಯುವ ಹೋರಾಟಗಳಲ್ಲಿ ಎಲ್ಲರೂ ಮುಂದೆ ನಿಲ್ಲಬೇಕೆಂದಿಲ್ಲ. ಇನ್ನೂರು ಕಿಲೋಮೀಟರು ನಡೆಯಬೇಕೆಂದೂ ಇಲ್ಲ. ನಮ್ಮಲ್ಲಿ ಬಹಳ ಮನೆಗಳಿಗೆ ಪಡಸಾಲೆ ಇದೆ. ಬಹಳ ಮಠಗಳಿಗೆ ಸಭಾಭವನಗಳಿವೆ. ಬಹಳ ಜನರಿಗೆ ಅಕ್ಷರವಿದೆ. ಬೇಡಿ ಬಂದವರಿಗೆ ಅವನ್ನು ಕೊಡುವುದು ದೊಡ್ಡ ತ್ಯಾಗವೇನಲ್ಲ. ನಾನು ಕೊಡಲು ಇಪ್ಪತ್ತಾರು ವರ್ಷ ತಡ ಮಾಡಿದೆ. ನೀವು ಅಷ್ಟು ತಡ ಮಾಡದಿರಿ ಎಂಬುದೇ ಈ ನಿವೃತ್ತ ಶಿಕ್ಷಕಿಯ ವಿನಂತಿ. ನಮ್ಮ ಮನೆಯ ಜಮಖಾನೆಯನ್ನು ಈಗ ಅಟ್ಟಕ್ಕೆ ಏರಿಸುವುದಿಲ್ಲ. ಸುತ್ತಿ ಕಂಬದ ಪಕ್ಕದಲ್ಲಿಯೇ ನಿಲ್ಲಿಸಿದ್ದೇವೆ.